ಕಲ್ಲಕ್ಕ ಮತ್ತು ಎಂಟು ಜೆಟ್‌ಗಳು

ವಾಯುಪಡೆಯ ಚರಿತ್ರೆ ಬರೆಯುವವರಿಗೆ ಒಂದು ಚಾಳಿಯಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕತ್ತೆತ್ತಿಕೊಂಡೇ ಇರುತ್ತಾರೆ. ಯಾವ ವಿಮಾನ ಎಷ್ಟು ಎತ್ತರ ಹಾರಿತು, ಯಾವುದು ಯಾವುದನ್ನು ಉರುಳಿಸಿತು, ಅಷ್ಟೇ. ಹಾರುವ ಮೊದಲು ಅವೆಲ್ಲ ನೆಲದ ಮೇಲೆ ಓಡಬೇಕಲ್ಲ, ಆ ನೆಲ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಈ ಕತೆಯ ವಾಯುನೆಲೆಯಲ್ಲಿ ಅದು ಕಲ್ಲಕ್ಕನ ಕೈಯಲ್ಲಿತ್ತು.

ದೊಡ್ಡ ಯುದ್ಧ ಮುಗಿದ ವರ್ಷ ಆಕೆ ರನ್‌ವೇ ಗುಡಿಸುವ ಕೆಲಸಕ್ಕೆ ಸೇರಿದಳು. ಆಗ ಇಪ್ಪತ್ತೆರಡು ವಯಸ್ಸು. ಗಂಡ ಅಲ್ಲೇ ಕ್ಯಾಂಟೀನಿನಲ್ಲಿ ಅಡುಗೆಯವನು, ಸಾಧು ಪ್ರಾಣಿ, ಹೆಂಡತಿ ಹಾಕಿದ ಗೆರೆ ದಾಟಿದವನಲ್ಲ. ಯುದ್ಧದಲ್ಲಿ ಅಳಿದುಳಿದ ಫ್ಯಾನಿನ ವಿಮಾನಗಳು ಆಗ ನೆಲೆಯಲ್ಲಿದ್ದವು. ಅವಕ್ಕೆ ಕಲ್ಲೂ ಒಂದೇ, ಹುಲ್ಲೂ ಒಂದೇ. ಮೂವತ್ತು ಹೆಂಗಸರು ಹರಟೆ ಹೊಡೆಯುತ್ತ, ನಡುನಡುವೆ ಪೊರಕೆಯನ್ನೂ ಆಡಿಸುತ್ತ ಮಧ್ಯಾಹ್ನ ಮಾಡುತ್ತಿದ್ದರು.

ಆರು ವರ್ಷಕ್ಕೆ ಜೆಟ್‌ಗಳು ಬಂದವು. ಅವುಗಳ ವರಸೆಯೇ ಬೇರೆ. ಮೂತಿಯಲ್ಲೇ ಬಾಯಿ, ಎದುರಿಗೆ ಬಿದ್ದದ್ದನ್ನೆಲ್ಲ ಸೊರ್ರನೆ ಒಳಗೆಳೆದುಕೊಳ್ಳುವ ಜಾತಿ. ಒಳಗೆ ತೆಳುವಾದ ಲೋಹದ ಎಲೆಗಳ ಚಕ್ರ ತಿರುಗುತ್ತಿರುತ್ತದೆ. ಕಡಲೆಕಾಳಿನಷ್ಟು ಕಲ್ಲು ಹೋಗಿ ಒಂದು ಎಲೆ ಮುರಿದರೆ ಸಾಕು, ಅದು ಉಳಿದವನ್ನೂ ಕಡಿದುಹಾಕುತ್ತದೆ. ಎಂಜಿನಿಯರ್ ಸಾಹೇಬರು ಹೆಂಗಸರನ್ನೆಲ್ಲ ಕೂರಿಸಿಕೊಂಡು ಇದನ್ನು ವಿವರಿಸಿದರು. ಎಲ್ಲರೂ ತಲೆಯಾಡಿಸಿದರು. ಆದರೆ ತಲೆಯಾಡಿಸುವುದು ಬೇರೆ, ತಲೆಗೆ ಹೋಗುವುದು ಬೇರೆ.

ಅದು ತಲೆಗೆ ಹೋದದ್ದು ಎರಡನೆಯ ತಿಂಗಳು. ಬೆಳಗಿನ ಸೂರ್ಯ ಕಣ್ಣಿಗೆ ಚುಚ್ಚುತ್ತದೆಂದು ಹೆಂಗಸರೆಲ್ಲ ಸೂರ್ಯನಿಗೆ ಬೆನ್ನು ಹಾಕಿ ಗುಡಿಸುತ್ತಿದ್ದರು. ಗುಡಿಸಿ ಒಂದು ಗಂಟೆಗೆ ಮೇಲೆದ್ದ ಜೆಟ್ ಒಂದು ಕೆಮ್ಮಿ, ಬೇಲಿಯಾಚೆ ಹೊಲಕ್ಕೆ ಬಿತ್ತು. ಪೈಲಟ್ ಬದುಕಿದ, ಆದರೆ ಬಲಗಾಲು ಮೂರು ಕಡೆ ಮುರಿದು, ಹಾರುವ ಯೋಗ ಅಲ್ಲಿಗೆ ಮುಗಿಯಿತು. ಎಂಜಿನ್ನಿನೊಳಗೆ ಸಿಕ್ಕಿದ್ದು ಜಲ್ಲಿಚೂರು. ಜೆಟ್ ಓಡಿದ ಆ ತುಂಡು ರನ್‌ವೇ ಗುಡಿಸಿದ್ದು ಯಾರೆಂದು ಯಾರೂ ಕೇಳಲಿಲ್ಲ. ಕೇಳದಿದ್ದರೇನು, ಕಲ್ಲಕ್ಕನಿಗೆ ಗೊತ್ತಿತ್ತು. ಎರಡು ದಿನ ಆಕೆಯ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

"ನಂದೇ ತಪ್ಪು," ಎಂದಳು ಗಂಡನಿಗೆ. "ನೋಡಿದ್ದೆ ಅಂದ್ಕೊಂಡಿದ್ದೆ. ನೋಡಿರಲಿಲ್ಲ."

ಮೂರನೆಯ ದಿನ ಬೆಳಿಗ್ಗೆ ಒಬ್ಬಳೇ ಹೋಗಿ ರನ್‌ವೇ ಮೇಲೆ ಮಂಡಿಯೂರಿ ಕೂತಳು. ಸೂರ್ಯ ಎದುರಿಗಿದ್ದ. ಕಣ್ಣು ಕಿರಿದು ಮಾಡಿ, ಗಲ್ಲ ನೆಲಕ್ಕೆ ತಾಗುವಷ್ಟು ಬಗ್ಗಿದಾಗ ಆಕೆಗೆ ಕಂಡದ್ದು ಕಲ್ಲಲ್ಲ, ಕಲ್ಲಿನ ನೆರಳು. ಸಾಸಿವೆಯಷ್ಟು ಚೂರಿಗೂ ಗೇಣುದ್ದದ ನೆರಳು, ನೇರ ಆಕೆಯ ಕಡೆಗೇ ಕೈಚಾಚಿಕೊಂಡು. ಬೆನ್ನು ಹಾಕಿ ನಡೆದರೆ ಅದೇ ನೆರಳು ಕಲ್ಲಿನ ಹಿಂದೆ ಅಡಗಿ ಕೂರುತ್ತಿತ್ತು. ಅಂದಿನಿಂದ ಆಕೆಯ ಮಾತಿನಂತೆ ಇಡೀ ತಂಡ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಮುಖ ಮಾಡಿಯೇ ನಡೆಯಿತು. ಕಣ್ಣುರಿ ಎಂದು ಗೊಣಗಿದವರಿಗೆ, "ಉರಿಯೋದಕ್ಕೇ ಅಲ್ವಾ ಕಣ್ಣಿರೋದು" ಎನ್ನುತ್ತಿದ್ದಳು. ಪೈಲಟ್‌ಗಳು ಕಲ್ಲಕ್ಕ ಎಂದು ಹೆಸರಿಟ್ಟದ್ದು ಆಗಲೇ.

ಮುಂದೆ ವಿದೇಶದಿಂದ ಗುಡಿಸುವ ಯಂತ್ರ ಬಂತು. ಎಂಜಿನಿಯರ್ ಸಾಹೇಬರು ಮದುಮಗನ ಹಾಗೆ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಕಲ್ಲಕ್ಕ ಯಂತ್ರದ ಹಿಂದೆಯೇ ನಡೆದು, ಅದು ಬಿಟ್ಟದ್ದನ್ನೆಲ್ಲ ಡಬ್ಬಿಗೆ ತುಂಬಿ, ಅವರ ಮೇಜಿನ ಮೇಲೆ ಸುರಿದಳು.

"ನಿಮ್ಮ ಗಾಡಿ ತಟ್ಟೇಲಿ ಬಿಟ್ಟಿದ್ದು, ಸಾರ್."

ಯಂತ್ರ ಬಂದ ಮೇಲೆ ಹೆಂಗಸರೆಲ್ಲ ಮನೆಗೆ ಎಂದು ತೀರ್ಮಾನವಾಗಿತ್ತು. ಮೂವತ್ತು ಜನರಲ್ಲಿ ಹನ್ನೆರಡು ಜನ ಕೆಲಸದಲ್ಲಿ ಉಳಿದದ್ದು ಆ ಡಬ್ಬಿಯಿಂದ.

ಮತ್ತೆ ಯುದ್ಧ ಬಂದಾಗ ಆಕೆಗೆ ನಲವತ್ತು ತುಂಬಿತ್ತು. ಮೂರನೆಯ ದಿನ ಸೂರ್ಯ ಮೂಡುತ್ತಲೇ ಶತ್ರು ವಿಮಾನಗಳು ಮೈಮೇಲೆ ಬಂದವು. ಐದೇ ನಿಮಿಷದಲ್ಲಿ ರನ್‌ವೇಗೆ ಬಾವಿಯಂಥ ಎರಡು ಗುಂಡಿ ಬಿದ್ದವು, ಗುಡಿಸುವ ಯಂತ್ರ ಸುಟ್ಟು ಕರಕಲಾಯಿತು. ಮಣ್ಣಿನ ಗೋಡೆಗಳ ನಡುವೆ ಅಡಗಿಸಿಟ್ಟಿದ್ದ ಎಂಟು ಜೆಟ್‌ಗಳಿಗೆ ಮಾತ್ರ ಏನೂ ಆಗಲಿಲ್ಲ. ಆದರೆ ಏಳಲು ನೆಲವೆಲ್ಲಿ?

ಹಗೆಗಳು ಹಿಂದಿರುಗಿ, ಬಾಂಬು ತುಂಬಿಕೊಂಡು ಮತ್ತೆ ಬರಲು ಒಂದೂವರೆ ಗಂಟೆ ಎಂದು ಕಮಾಂಡರ್ ಅಂದಾಜು ಹಾಕಿದರು. ಅಷ್ಟರಲ್ಲಿ ಏಳದಿದ್ದರೆ ಎಂಟೂ ನಿಂತಲ್ಲೇ ಬೂದಿ. ರನ್‌ವೇ ಪಕ್ಕಕ್ಕೆ, ವಿಮಾನಗಳು ನಡೆದು ಬರುವ ಎರಡು ಕಿಲೋಮೀಟರ್ ದಾರಿಯೊಂದಿತ್ತು. ಏಳಲು ಅದೂ ಆದೀತು. ಗುಂಡಿ ಬಿದ್ದಿರಲಿಲ್ಲ, ಆದರೆ ಉದ್ದಕ್ಕೂ ಕಲ್ಲು, ಹೆಂಟೆ, ಬಾಂಬಿನ ಚೂರು.

"ಕೈಯಲ್ಲಿ ಗುಡಿಸಿದರೆ ಮೂರು ಗಂಟೆ ಬೇಕು," ಎಂದರು ಎಂಜಿನಿಯರ್ ಸಾಹೇಬರು.

ಕಂದಕದಿಂದ ಮೇಲೆದ್ದ ಕಲ್ಲಕ್ಕ ಮೈಮೇಲಿನ ಮಣ್ಣು ಕೊಡವಿಕೊಂಡು ಬಂದಳು. "ಹನ್ನೆರಡು ಜನಕ್ಕೆ ಮೂರು ಗಂಟೆ. ನೆಲೇಲಿ ಇನ್ನೂರು ಜನ ಇದ್ದಾರಲ್ಲ, ಅವರೆಲ್ಲ ಏನು ಮಾಡ್ತಿದ್ದಾರೆ?"

ಕಮಾಂಡರ್ ಆಕೆಯ ಮುಖವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು. "ಎಲ್ಲರೂ ಈಕೆ ಹೇಳಿದಂತೆ ಕೇಳಿ. ನಾನೂ ಸೇರಿ," ಎಂದರು.

ಗುಮಾಸ್ತರು, ಮೆಕ್ಯಾನಿಕ್‌ಗಳು, ಕ್ಷೌರಿಕ, ಡಾಕ್ಟರು, ಬ್ಯಾಂಡಿನವರು, ಎಲ್ಲರೂ ಓಡಿಬಂದರು. ದಾರಿಯನ್ನು ಹನ್ನೊಂದು ತುಂಡು ಮಾಡಿ ಒಂದೊಂದಕ್ಕೂ ತನ್ನ ಒಬ್ಬೊಬ್ಬ ಹೆಂಗಸನ್ನು ಕಲ್ಲಕ್ಕ ಯಜಮಾನಿ ಮಾಡಿದಳು. ದೊಡ್ಡದನ್ನೆಲ್ಲ ಎತ್ತಿ ಎಸೆದಾಯಿತು, ಪೊರಕೆಯೂ ಆಡಿತು. ಆಮೇಲೆ ಎಲ್ಲರೂ ಸಾಲಾಗಿ ಮಂಡಿಯೂರಿದರು.

"ಸೂರ್ಯನಿಗೆ ಮುಖ ಮಾಡಿ. ಕಲ್ಲು ಹುಡುಕಬೇಡಿ, ನೆರಳು ಹುಡುಕಿ," ಎಂದು ಸಾಲಿನಿಂದ ಸಾಲಿಗೆ ಓಡಿದಳು. ಒಂದು ಸಾಲಿನಲ್ಲಿ ಗಂಡ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಮದುವೆ ಮನೇಲಿ ಕೂತ ಹಾಗೆ ಕೂತಿದ್ದೀರಲ್ಲ. ಇನ್ನೂ ಬಗ್ಗಿ."

"ಬಗ್ಗಿ ಬಗ್ಗಿ ಹದಿನೆಂಟು ವರ್ಷ ಆಯ್ತು," ಎಂದ ಆತ. ಅಂಥ ಹೊತ್ತಿನಲ್ಲೂ ಇಡೀ ಸಾಲು ನಕ್ಕಿತು. ಅವನ ಪಕ್ಕದಲ್ಲೇ ಮಂಡಿಯೂರಿದ್ದ ಕಮಾಂಡರ್ ಕೂಡ ನಕ್ಕರು.

ಒಂದು ಗಂಟೆಯೊಳಗೆ ಎರಡು ಕಿಲೋಮೀಟರ್ ಮುಗಿಯಿತು. ಕೊನೆಯದಾಗಿ ಕಲ್ಲಕ್ಕ ಜೀಪಿನ ಮೂತಿಯ ಮೇಲೆ ಬೋರಲು ಮಲಗಿದಳು. ಕಮಾಂಡರ್ ತಾವೇ ಜೀಪು ಬಿಟ್ಟರು, ಪೂರ್ವಕ್ಕೆ, ನಿಧಾನವಾಗಿ. ಮೂರು ಸಲ ನಿಲ್ಲಿಸಿ ಇಳಿದಳು, ಮೂರು ಚೂರು ಸಿಕ್ಕಿದವು. ದಾರಿಯ ತುದಿ ಮುಟ್ಟಿದಾಗ ಹಿಂದೆ ಎಂಟು ಎಂಜಿನ್ನುಗಳು ಮೊರೆಯುತ್ತಿದ್ದವು. ಜೀಪಿನ ರೇಡಿಯೊದಲ್ಲಿ ಟವರಿನ ಅಧಿಕಾರಿಯ ದನಿ ಬಂತು. ಹಿಂದೊಮ್ಮೆ ಬೇಲಿಯಾಚೆ ಬಿದ್ದು ಕಾಲು ಮುರಿದುಕೊಂಡ ಪೈಲಟ್ಟೇ ಈಗ ಆ ಟವರಿನಲ್ಲಿದ್ದ.

"ಕಲ್ಲಕ್ಕಾ, ದಾರಿ ಸರಿ ಇದೆಯಾ? ನೀನು ಹೂಂ ಅಂದರೆ ಬಿಡ್ತೀನಿ."

ಕಮಾಂಡರ್ ರೇಡಿಯೊವನ್ನು ಆಕೆಯ ಕೈಗಿಟ್ಟರು. ಇಷ್ಟು ವರ್ಷ ಈ ಮನುಷ್ಯನ ಊರುಗೋಲಿನ ಸದ್ದು ಕೇಳಿದಾಗಲೆಲ್ಲ ದಾರಿ ಬದಲಿಸಿದ್ದಳು. ಅವನು ಈಗ ಎಂಟು ಜೀವ ತಂದು ಆಕೆಯ ಒಂದು ಮಾತಿನ ಮೇಲೆ ಇಡುತ್ತಿದ್ದ. ದಾರಿಯ ಕಡೆ ತಿರುಗಿ ನೋಡಿದಳು. ಆಕೆ ನೋಡದೆ ಬಿಟ್ಟ ಒಂದು ಗೇಣೂ ಅಲ್ಲಿರಲಿಲ್ಲ.

"ನೋಡಿದ್ದೀನಿ," ಎಂದಳು. "ಬಿಡಿ."

ಒಂದರ ಹಿಂದೆ ಒಂದು, ಎಂಟೂ ಎದ್ದವು. ಅಂಚಿನ ಹುಲ್ಲಿನಲ್ಲಿ ಮಂಡಿ ತರಚಿಕೊಂಡು ನಿಂತಿದ್ದ ಇನ್ನೂರು ಜನ ಕೂಗಿದ ಕೂಗಿಗೆ ಎಂಜಿನ್ನಿನ ಸದ್ದೇ ಮುಚ್ಚಿಹೋಯಿತು ಎಂದು ಅಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ. ಅದು ಹಸಿ ಸುಳ್ಳು, ಆದರೆ ಹೇಳಿಕೊಳ್ಳಲಿ ಬಿಡಿ. ಹಗೆಗಳು ನೆಲೆ ಕಾಣುವ ಮೊದಲೇ ಎಂಟೂ ಅವರ ನೆತ್ತಿಯ ಮೇಲಿದ್ದವು. ಮೂರು ಉರುಳಿದವು, ಉಳಿದವು ಬಾಂಬುಗಳನ್ನು ಬಯಲಿಗೆ ಚೆಲ್ಲಿ ಬಂದ ದಾರಿ ಹಿಡಿದವು. ನಮ್ಮವು ಎಂಟೂ ಬಂದು ಅದೇ ದಾರಿಯ ಮೇಲೆ ಇಳಿದವು. ಬ್ಯಾಂಡಿನವರು ವಾದ್ಯ ತಂದರು. ಪೈಲಟ್‌ಗಳನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಕಲ್ಲಕ್ಕ ಮಾತ್ರ ಕುಣಿಯಲಿಲ್ಲ. ಹ್ಯಾಂಗರಿನ ಬಾಗಿಲಲ್ಲಿ ಕೂತಿದ್ದಳು. ಗಂಡ ತಂದ ತಟ್ಟೆ ಪಕ್ಕದಲ್ಲಿ ಆರುತ್ತಿತ್ತು.

"ಎಂಟೂ ಬಂದಾಯ್ತಲ್ಲ, ಇನ್ನೇನು? ಎರಡು ತುತ್ತು ತಿನ್ನು," ಎಂದ ಆತ.

"ಸುಮ್ನಿರಿ," ಎಂದಳು.

ಮಧ್ಯಾಹ್ನ ಕಳೆದ ಮೇಲೆ ಎಂಜಿನಿಯರ್ ಸಾಹೇಬರು ಮೊಳಕೈವರೆಗೂ ಮಸಿ ಬಳಿದುಕೊಂಡು, ಕೈಯಲ್ಲಿ ಟಾರ್ಚು ಹಿಡಿದು ಹೊರಗೆ ಬಂದರು. ಅವರನ್ನು ಕಂಡು ಆಕೆ ಎದ್ದು ನಿಂತಳು.

"ಎಂಟೂ ಬಿಚ್ಚಿ ನೋಡಿದೆ," ಎಂದರು ಸಾಹೇಬರು. "ಎಲೆ ಎಲೆ ನೋಡಿದೆ. ಒಂದು ಗೀರೂ ಇಲ್ಲ."

ಕಲ್ಲಕ್ಕ ಅಲ್ಲೇ ಕುಸಿದು ಕೂತು, ಎಲ್ಲರೆದುರೇ ಗಳಗಳನೆ ಅತ್ತುಬಿಟ್ಟಳು. ನೆಲೆಯೆಲ್ಲ ಬೆಳಿಗ್ಗೆಯೇ ಗೆದ್ದಿತ್ತು, ಆಕೆ ಗೆದ್ದದ್ದು ಈಗ. ಅತ್ತು ಮುಗಿಸಿ, ಕೆನ್ನೆ ಒರೆಸಿಕೊಂಡು, ಆರಿದ ತಟ್ಟೆಯನ್ನು ಮುಂದಕ್ಕೆಳೆದುಕೊಂಡಳು. ಗಂಡ ಬಿಸಿ ತರಲು ಏಳುವಷ್ಟರಲ್ಲಿ ಅದು ಖಾಲಿಯಾಗಿತ್ತು.