ಕಾಕಾನ ಹೆಬ್ಬೆರಳು

ಎಲ್ಲಿಯೇ ಬೆಲ್ಲ ಕುದಿಯುವ ವಾಸನೆ ಬರಲಿ, ನನಗೆ ಮೊದಲು ನೆನಪಾಗುವುದು ರಕ್ತ. ನೇಸರಿ ಊರಿನ ನಮ್ಮ ಗಾಣ ಈಗಿಲ್ಲ, ಕೊಪ್ಪರಿಗೆಯ ಸುತ್ತ ಕೂತವರೂ ಇಲ್ಲ. ನಿಮಗೂ ಇಂಥದೊಂದು ವಾಸನೆ ಉಳಿದಿರಬಹುದು. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸಕಿ, ಅಪ್ಪ ಹದ ಹೇಳುತ್ತಿದ್ದ. ಒಂದು ಸುಗ್ಗಿಯಲ್ಲಿ ಯಾರ ಕಬ್ಬು ಮೊದಲು ಅರೆಯಬೇಕೆಂದು ಅಪ್ಪನಿಗೂ ಅವನ ತಮ್ಮ ಬಸಪ್ಪಕಾಕಾನಿಗೂ ಮಾತು ಬೆಳೆಯಿತು. ಅಪ್ಪ ಅವನ ಕೆನ್ನೆಗೆ ಬಿಗಿದ. ಕಾಕಾ ಕಬ್ಬು ಕಡಿಯುವ ಕೊಯ್ತಾ ಬೀಸಿದ. ಅಪ್ಪನ ಬಲ ಮೊಣಕೈಯ ಒಳಮಗ್ಗುಲು ಬಾಯಿ ಬಿಟ್ಟಿತು. ಎದೆ ಬಡಿದಾಗಲೆಲ್ಲ ರಕ್ತ ಚಿಮ್ಮಿ, ಕೊಪ್ಪರಿಗೆಯ ಅಂಚಿಗೆ ತಾಗಿ ಚುರ್ ಎನ್ನುತ್ತಿತ್ತು.

ನರ ಕಡಿದಿದೆ ಎಂದು ಅವ್ವ ಚೀರಿದಳು. ಕೊಯ್ತಾ ಎಸೆದ ಕಾಕಾನೇ ಗಾಯದೊಳಕ್ಕೆ ಹೆಬ್ಬೆರಳು ತುರುಕಿದ. ರಕ್ತ ನಿಂತಿತು. ತುಸು ಸಡಿಲಿಸಿದರೆ ಮತ್ತೆ ಚಿಮ್ಮುತ್ತಿತ್ತು. ಹೀಗೆ ಕಡಿದವನೂ ಕಡಿಸಿಕೊಂಡವನೂ ಅಂಟಿಕೊಂಡು ಒಂದೇ ಚಕ್ಕಡಿಯಲ್ಲಿ ಗಡಹಿಂಗ್ಲಜಿನ ದವಾಖಾನೆಗೆ ಹೋದರು. ದಾರಿಯುದ್ದಕ್ಕೂ ಅಪ್ಪ ಎಡಗೈಯಿಂದ ತಮ್ಮನ ಮುಖಕ್ಕೆ ಗುದ್ದುತ್ತಲೇ ಇದ್ದ.

"ಬಿಡಲೇ ಕೈ. ನಿನ್ನ ಕೈಯಾಗ ಬದುಕೂದು ಬ್ಯಾಡ ನನಗ."

"ಬೇಕಾದಷ್ಟು ಬಡಿಯೋ ಅಣ್ಣಾ. ಬೆರಳು ಮಾತ್ರ ತಗಿಯೂದಿಲ್ಲ."

ಇದನ್ನು ನಾನು ಕೇಳಿದೆನೇ? ನೀನು ಚಕ್ಕಡಿ ಏರಿರಲೇ ಇಲ್ಲ ಎಂದು ಅವ್ವ ಹೇಳುತ್ತಿದ್ದಳು. ಆದರೂ ಕಾಕಾನ ಒಡೆದ ತುಟಿ ನನಗೆ ಈಗಲೂ ಕಾಣುತ್ತದೆ.

ನರ ಕಟ್ಟಿದ್ದೇನೆ, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ನರ ಕಟ್ಟಿದ ಮೇಲೆ ಬೆರಳುಗಳಿಗೂ ಜೀವ ಬಂದೀತೆಂದು ಮನೆಯವರೆಲ್ಲ ಕಾದರು. ಅಪ್ಪ ತಮ್ಮನೊಡನೆ ಮಾತು ಬಿಟ್ಟ. ಕಾಕಾ ಮಾತ್ರ ದಿನಾಲೂ ಹಿತ್ತಲ ಬಾಗಿಲಿಗೆ ಬಂದು ಅವ್ವನನ್ನು ಕೇಳುತ್ತಿದ್ದ, "ಬೆರಳು ಅಳಗ್ಯಾಡಿದುವೇನ್ರಿ, ವೈನಿ?" ಅಲುಗಲಿಲ್ಲ. ಪಾಕ ಸುಟ್ಟು ಬೊಬ್ಬೆ ಎದ್ದರೂ ಆ ಬೆರಳುಗಳಿಗೆ ತಿಳಿಯುತ್ತಿರಲಿಲ್ಲ. ಮುಂದೆ ಕೊಲ್ಹಾಪುರದ ಕಾಲೇಜಿನಲ್ಲಿ ಓದುವಾಗ ನನಗೆ ಗೊತ್ತಾಯಿತು: ರಕ್ತ ಹರಿಯುವ ನಾಳ ಬೇರೆ, ಬೆರಳಿಗೆ ಅರಿವು ಒಯ್ಯುವ ತಂತು ಬೇರೆ. ನಮ್ಮ ಮನೆಯಲ್ಲಿ ಎರಡಕ್ಕೂ ನರ ಎಂಬ ಒಂದೇ ಹೆಸರು. ಡಾಕ್ಟರು ಕಟ್ಟಿದ್ದು ಒಂದನ್ನು, ನಾವು ಕಾದದ್ದು ಇನ್ನೊಂದಕ್ಕೆ.

ಅಪ್ಪ ಜ್ವರದಲ್ಲಿ ತೀರಿಕೊಂಡ ಬೆಳಿಗ್ಗೆ ಕಾಕಾ ಮುಂಬಾಗಿಲಿನಿಂದಲೇ ಬಂದ. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದ ಅಣ್ಣನ ಬಲಗೈ ಎತ್ತಿ, ಹಳೆಯ ಕಲೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದ. ಹೊರಡುವ ಹೊತ್ತಾಯಿತೆಂದು ಜನ ಹೇಳಿದರೂ ಬೆರಳು ತೆಗೆಯಲಿಲ್ಲ. ಕೊನೆಗೆ ಅವ್ವ ಅವನ ಪಕ್ಕದಲ್ಲಿ ಕೂತು ಮೆಲ್ಲಗೆ ಅಂದಳು:

"ಬಿಡೋ ಬಸಪ್ಪಾ. ಇನ್ನ ರಕ್ತ ಹೋಗೂದಿಲ್ಲ."