ಗ್ಲೆಂಡಾ ಇಟ್ಟ ಕಲ್ಲುಗಳು

ಗ್ಲೆಂಡಾ ಸ್ಯಾಮ್‌ವೇಸ್‌ಳ ವ್ಯಾನಿನಲ್ಲಿ ಅವಳ ಸೀಟು ಬಿಟ್ಟರೆ ಇನ್ನೂ ಏಳು ಸೀಟುಗಳಿದ್ದವು. ಬಾಡಿಗೆಗೆ ಕೊಡುತ್ತಿದ್ದುದು ಆರನ್ನು ಮಾತ್ರ. ಅವಳ ಪಕ್ಕದ ಸೀಟು ಗಂಡ ಕ್ಲೆಮ್‌ನದು. ಡಾರ್ಸೆಟ್ ಕಡಲ ದಂಡೆಯನ್ನು ಒಂದು ದಿನದಲ್ಲಿ ತೋರಿಸಿಕೊಂಡು ಬನ್ನಿ ಎಂದು ಯಾರಾದರೂ ಫೋನ್ ಮಾಡಿದರೆ, ಎಲ್ಲಿಂದ ಹೊರಡಬೇಕು, ಎಷ್ಟು ಜನ ಎಂದೆಲ್ಲ ಕೇಳಿಕೊಂಡ ಮೇಲೆ ಕೊನೆಗೆ ಮೆಲ್ಲಗೆ ಹೇಳುತ್ತಿದ್ದಳು: "ನನ್ನ ಗಂಡ ಜೊತೆಗಿರ್ತಾನೆ. ನೆನಪು ಸರಿಯಿಲ್ಲ ಅವನಿಗೆ. ಯಾರಿಗೂ ತೊಂದ್ರೆ ಕೊಡಲ್ಲ." ಅರ್ಧದಷ್ಟು ಜನ ಆಮೇಲೆ ಹೇಳುತ್ತೇವೆ ಎಂದು ಫೋನ್ ಇಡುತ್ತಿದ್ದರು. ಉಳಿದರ್ಧ ಜನರಿಂದ ಮನೆ ನಡೆಯುತ್ತಿತ್ತು.

ಅವನನ್ನು ಬೇರೆಲ್ಲಿ ಬಿಟ್ಟು ಬರಲೂ ಆಗುತ್ತಿರಲಿಲ್ಲ. ವಸಂತದಲ್ಲಿ ಬ್ರಿಡ್‌ಪೋರ್ಟಿನ ಚರ್ಚಿನವರು ಇಂಥ ಮುದುಕರನ್ನು ಹಗಲು ನೋಡಿಕೊಳ್ಳುವ ಸಭಾಂಗಣಕ್ಕೆ ಒಮ್ಮೆ ಕಳಿಸಿ ನೋಡಿದಳು. ಹನ್ನೊಂದು ಗಂಟೆಗೆ ಅವನು ಬರೀ ಕಾಲುಚೀಲದಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆದು ಹೋಗುತ್ತಿದ್ದ. ಎಲ್ಲಿಗೆ ಎಂದು ಪೊಲೀಸಿನವಳು ಕೇಳಿದ್ದಕ್ಕೆ, "ನನ್ನ ಹೆಂಗಸು ಕಾಯ್ತಿದ್ದಾಳೆ, ಬಿಡಮ್ಮಾ" ಎಂದನಂತೆ. ಹೆಸರು ಮರೆತಿದ್ದ, ಮನೆ ಮರೆತಿದ್ದ, ಎಪ್ಪತ್ತೆರಡು ವರ್ಷದ ಬದುಕಿನ ಮುಕ್ಕಾಲು ಪಾಲು ಅಳಿಸಿಹೋಗಿತ್ತು. ಆದರೂ ಗ್ಲೆಂಡಾ ಕೈ ಚಾಚಿದರೆ ಆ ಕೈಯನ್ನು ಹಿಡಿದುಕೊಂಡು ಎಲ್ಲಿಗಾದರೂ ಬರುತ್ತಿದ್ದ. ಬೇರೆ ಯಾರು ಚಾಚಿದರೂ ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ.

ಅಕ್ಟೋಬರಿನ ಕೊನೆಯ ಆ ಗುರುವಾರ ಬೆಳಿಗ್ಗೆ ಫೋನ್ ಬಂತು. ಗುಡ್ಡದ ಮೇಲಿನ ವೃದ್ಧರ ಮನೆಯ ಮಿಸೆಸ್ ಟ್ರಾಸ್ಕ್ ಮಾತಾಡಿದಳು.

"ಒಂದು ಕೋಣೆ ಖಾಲಿಯಾಗಿದೆ, ಗ್ಲೆಂಡಾ. ಕಿಟಕಿ ಕಡಲ ಕಡೆಗಿದೆ. ಸಂಜೆ ಐದರವರೆಗೆ ನಿಮಗೋಸ್ಕರ ಹಿಡಿದಿಟ್ಟುಕೊಂಡಿರ್ತೀನಿ. ಆಮೇಲೆ ಪಟ್ಟಿಯಲ್ಲಿ ನಿಮ್ಮ ಹಿಂದಿರೋರನ್ನ ಕರೀಲೇಬೇಕಾಗುತ್ತೆ."

"ಅವನು ನನ್ನ ಬಿಟ್ಟು ಯಾರ ಜೊತೆಗೂ ಹೋಗಲ್ಲ ಅಂತ ನಿಮಗೆ ಹೇಳಿದ್ದೀನಲ್ಲ."

"ಹೇಳಿದ್ದೀರಿ. ಎರಡು ವರ್ಷದಿಂದ ಅದನ್ನೇ ಹೇಳ್ತಿದ್ದೀರಿ. ನೀವು ರಾತ್ರಿ ಎಷ್ಟು ಗಂಟೆ ಮಲಗ್ತೀರಿ ಅಂತ ಮಾತ್ರ ಹೇಳಲ್ಲ."

ಗ್ಲೆಂಡಾ ಫೋನ್ ಇಟ್ಟಳು. ಬೇಡ ಎನ್ನುವುದೆಂದು ಅವಳ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಒಂದು ಕೈ ಹಿಡಿದುಕೊಂಡು ಬದುಕಿರುವವನಿಂದ ಆ ಕೈಯನ್ನೂ ಬಿಡಿಸಿಕೊಳ್ಳುವುದು ಹೇಗೆ? ಎಂದಿನಂತೆ ಅಡಿಗೆಮನೆಯಲ್ಲಿ ನಿಂತು, ಕಣ್ಣು ಮುಚ್ಚಿ, ಇವತ್ತಿನ ದಿನ ದಾಟಿಸು ತಂದೆ ಎಂದಷ್ಟೇ ಬೇಡಿಕೊಂಡಳು.

ಆಮೇಲೆ ಹಿತ್ತಲಿನ ಶೆಡ್ಡಿಗೆ ಹೋದಳು.

ಆ ದಂಡೆಯ ಕಪ್ಪು ಮಣ್ಣಿನ ಬಂಡೆಗಳು ಮಳೆಗಾಳಿಗೆ ಕುಸಿದಾಗಲೆಲ್ಲ ಕಲ್ಲಾಗಿ ಹೋದ ಹಳೆಯ ಶಂಖಗಳು ಹೊರಬೀಳುತ್ತವೆ. ಸುತ್ತಿಕೊಂಡ ಹಾವಿನಂಥ ಸುರುಳಿ. ನಮ್ಮ ದೇವರ ಮನೆಗಳಲ್ಲಿ ತುಳಸಿಯೇರಿಸಿ ಇಟ್ಟ ಸಾಲಿಗ್ರಾಮದ ಒಡಲಲ್ಲಿರುವ ಸುರುಳಿಯೂ ಇದೇ. ಅಲ್ಲಿಯವರು ಅದಕ್ಕೆ ಪೂಜೆ ಮಾಡುವುದಿಲ್ಲ, ಕಿಟಕಿಯ ಹಲಗೆಯ ಮೇಲೆ ಇಡುತ್ತಾರೆ. ಆದರೆ ಕೈಗೆತ್ತಿಕೊಂಡಾಗ ಅವರ ಮುಖದ ಮೇಲೆ ಬರುವ ಕಳೆ ನಮ್ಮಲ್ಲಿ ತೀರ್ಥ ತೆಗೆದುಕೊಳ್ಳುವವರ ಮುಖದಲ್ಲಿ ಕಾಣುವಂಥದ್ದೇ. ಕ್ಲೆಮ್ ಮನೆಗಳ ಹುಲ್ಲಿನ ಸೂರು ಕಟ್ಟುವವನು. ಚಳಿಗಾಲದಲ್ಲಿ ಆ ಕೆಲಸವಿಲ್ಲದಾಗ ಸುರುಳಿಕಲ್ಲು ಹುಡುಕುವವನು. ನಲವತ್ತು ವರ್ಷ ಹುಡುಕಿದ್ದ. ಒಳ್ಳೆಯದು ಸಿಕ್ಕರೆ ಅದರ ತಳಕ್ಕೆ ಸೂಜಿಯಿಂದ ಊರಿನ ಮೊದಲ ಅಕ್ಷರ, ವರ್ಷ, ಎರಡನ್ನೂ ಗೀರಿ ಕಪಾಟಿನಲ್ಲಿಡುತ್ತಿದ್ದ. ಮಾಮೂಲಿಯವು ಗುರುತಿಲ್ಲದೆ ಬಕೆಟ್ಟಿಗೆ ಬೀಳುತ್ತಿದ್ದವು.

ಪ್ರವಾಸಿಗಳನ್ನು ತೀರಕ್ಕೆ ಕರೆದುಕೊಂಡು ಹೋಗಿ ಕಲ್ಲು ಹುಡುಕಿಸುವ ಕೆಲಸ ಶುರುಮಾಡಿದವನೂ ಅವನೇ. ಗ್ಲೆಂಡಾ ವ್ಯಾನು ಓಡಿಸುತ್ತಿದ್ದಳು, ಚಹಾದ ಫ್ಲಾಸ್ಕು ಹೊತ್ತುಕೊಂಡು ಮುಂದೆ ನಡೆಯುತ್ತಿದ್ದಳು. ಮೊದಲ ವರ್ಷ, ಊನವಾದ ಕಾಲಿಗೆ ಆಸರೆಯ ಕಬ್ಬಿಣದ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಹೆಂಗಸು ಬಂದಿದ್ದಳು. ನಾಲ್ಕು ಗಂಟೆ ಹುಡುಕಿದರೂ ಅವಳಿಗೆ ಏನೂ ಸಿಗಲಿಲ್ಲ. ಹೋಗುವಾಗ, "ಇರಲಿ ಬಿಡಿ, ನನಗೆ ಅಭ್ಯಾಸ ಆಗಿದೆ" ಎಂದು ನಕ್ಕಳು. ಆ ನಗು ಗ್ಲೆಂಡಾಳಿಗೆ ಮುಳ್ಳಿನಂತೆ ನಾಟಿತು. ಮುಂದಿನ ಸಲದಿಂದ ಬಕೆಟ್ಟಿನ ಒಂದೆರಡು ಕಲ್ಲುಗಳನ್ನು ಕೋಟಿನ ಜೇಬಿನಲ್ಲಿ ಹಾಕಿಕೊಂಡು, ಮುಂದೆ ಮುಂದೆ ನಡೆದು, ಜಲ್ಲಿಯ ನಡುವೆ ಬಿಟ್ಟು ಬರತೊಡಗಿದಳು. ಕ್ಲೆಮ್‌ನ ಜೊತೆ ಹೋದವರು ಬರಿಗೈಯಲ್ಲಿ ಬರುವುದಿಲ್ಲ ಎಂದು ಲೈಮ್ ಊರಿನವರೆಗೂ ಹೆಸರಾಯಿತು.

ಕ್ಲೆಮ್‌ನಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅಷ್ಟೇ. ಹೀಗೆ ಕಲ್ಲು ಇಟ್ಟು ಮೋಸ ಮಾಡಿದನೆಂದು ಒಬ್ಬ ಗೈಡಿನ ಜೊತೆ ಹದಿನೇಳು ವರ್ಷ ಮಾತು ಬಿಟ್ಟವನು ಅವನು. "ಕಡಲಿನ ಬಾಯಲ್ಲಿ ಸುಳ್ಳು ಹೇಳಿಸಬಾರದು ಕಣೇ. ಏನೂ ಸಿಗದಿದ್ರೆ ಸಿಗಲಿಲ್ಲ, ಅದೂ ನಿಜವಾದ ದಿನವೇ" ಎನ್ನುತ್ತಿದ್ದ. ಗ್ಲೆಂಡಾ ಇದನ್ನು ಭಾನುವಾರದ ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿಕೊಂಡಿದ್ದಳು, ಗಂಡನಿಗೆ ಹೇಳಿರಲಿಲ್ಲ. ದೇವರು ಯಾರ ಮುಂದೆಯೂ ಬಾಯಿ ಬಿಡುವವನಲ್ಲ.

ಮೂವತ್ತು ವರ್ಷದಲ್ಲಿ ಬಕೆಟ್ಟು ಬರಿದಾಯಿತು. ಕ್ಲೆಮ್ ಹುಡುಕುವುದು ನಿಂತು ನಾಲ್ಕು ವರ್ಷವಾಗಿತ್ತು. ಹಿಂದಿನ ವಾರ ಕೊನೆಯ ಕಲ್ಲೂ ಹೋಗಿತ್ತು. ಆ ಗುರುವಾರ ಅವಳು ಕಪಾಟಿನ ಬಾಗಿಲು ತೆಗೆದು, ಚಿಕ್ಕದೊಂದನ್ನು ಆರಿಸಿ, ತಳದ ಗೀರು ಕಾಣದಂತೆ ಹಸಿ ಜೇಡಿ ಮೆತ್ತಿ ಜೇಬಿಗಿಳಿಸಿದಳು.

ಅಂದಿನ ಗಿರಾಕಿಗಳು ವುಲ್ವರ್‌ಹ್ಯಾಂಪ್ಟನ್ನಿನ ಕಾರ್ಲ್‌ಟನ್ ಪಿನಕ್ ಮತ್ತು ಅವನ ಹೆಂಡತಿ ವರ್ನಾ. ಇಬ್ಬರ ಹೆತ್ತವರೂ ಜಮೈಕಾದಿಂದ ಬಂದವರು. ಅವನು ಬಸ್ ಡ್ರೈವರಾಗಿ ನಿವೃತ್ತನಾದವನು, ಎತ್ತರದ ಆಳು. ವರ್ನಾಳಿಗೆ ಅಂದು ಎಪ್ಪತ್ತು ತುಂಬಿತ್ತು. ವೇಮತ್ತಿನ ಹೋಟೆಲಿನ ಮುಂದೆ ವ್ಯಾನು ಹತ್ತಿದ್ದೇ ತಡ ಅವಳು ಶುರುಮಾಡಿದಳು.

"ನಮ್ಮವರು ನಲವತ್ತು ವರ್ಷ ಬಸ್ ಓಡಿಸಿದ್ದಾರೆ ಗ್ಲೆಂಡಾ. ಇನ್ನೊಬ್ಬರು ಓಡಿಸಿದ್ರೆ ಕಾಲು ಸುಮ್ನಿರಲ್ಲ. ನೋಡ್ತಿರಿ, ಇಡೀ ದಿನ ಇಲ್ಲದ ಬ್ರೇಕ್ ಒತ್ತಿ ಒತ್ತಿ ನಿಮ್ಮ ವ್ಯಾನಿನ ನೆಲ ತೂತು ಮಾಡ್ತಾರೆ."

"ಸುಮ್ನಿರೇ. ಹುಟ್ಟಿದ ದಿನಾನಾದ್ರೂ ಬಾಯಿಗೆ ರಜಾ ಕೊಡು."

ಕ್ಲೆಮ್ ತಿರುಗಿ ನೋಡಿದ. "ನೀನು ಬಸ್ಸಿನವನಾ? ಹಾಗಾದ್ರೆ ಕಣ್ಣು ಮುಚ್ಕೊಂಡಿರಪ್ಪಾ. ಈ ಹೆಂಗಸು ತಿರುವಿನಲ್ಲಿ ಕುರಿ ಓಡಿಸಿದ ಹಾಗೆ ಓಡಿಸ್ತಾಳೆ."

ಎಲ್ಲರೂ ನಕ್ಕರು. ಗ್ಲೆಂಡಾಳೂ ನಕ್ಕಳು. ಇಂಥ ಬೆಳಗುಗಳು ವಾರಕ್ಕೊಂದು ಸಿಕ್ಕರೆ ಉಳಿದ ಆರು ದಿನ ತಡೆದುಕೊಳ್ಳಬಹುದೆಂದು ಅವಳ ಲೆಕ್ಕ.

ಆಬಟ್ಸ್‌ಬರಿಯ ಗುಡ್ಡದ ಮೇಲೆ ನಿಂತು ಹದಿನೆಂಟು ಮೈಲಿ ಉದ್ದದ ಜಲ್ಲಿಯ ದಿಬ್ಬವನ್ನು ನೋಡಿದರು. ವೆಸ್ಟ್ ಬೇಯಲ್ಲಿ ಏಡಿಯ ಸ್ಯಾಂಡ್‌ವಿಚ್ ತಿಂದರು. ಕಡಲಿನ ಇಳಿತದ ಹೊತ್ತಿಗೆ ಸರಿಯಾಗಿ ಚಾರ್ಮತ್ತಿನ ತೀರಕ್ಕಿಳಿದರು. ಬಂಡೆಯ ಬುಡಕ್ಕೆ ಹೋಗಬೇಡಿ, ಮಳೆ ಬಂದಿದೆ, ಮಣ್ಣು ಜಾರುತ್ತದೆ ಎಂದು ಗ್ಲೆಂಡಾ ಎಚ್ಚರಿಸಿ, ಎಂದಿನಂತೆ ಫ್ಲಾಸ್ಕು ಹಿಡಿದು ಮುಂದೆ ನಡೆದಳು. ಕಡಲು ಬಿಟ್ಟು ಹೋದ ಸಣ್ಣ ಹೊಂಡದ ಪಕ್ಕ ಬಗ್ಗಿ ಷೂ ದಾರ ಬಿಗಿಯುವವಳಂತೆ ಕುಳಿತು ಎದ್ದಳು.

ಕಾಲು ಗಂಟೆಯಲ್ಲಿ ವರ್ನಾ ಕೂಗಿಕೊಂಡಳು. "ಕಾರ್ಲ್‌ಟನ್! ಬಾ ಇಲ್ಲಿ! ಸಿಕ್ತು! ಅಯ್ಯೋ ದೇವರೇ, ನನ್ನ ಕೈಗೇ ಸಿಕ್ತು!"

ಅವಳು ಆ ಕಲ್ಲನ್ನು ಎಲ್ಲರಿಗಿಂತ ಮೊದಲು ಕ್ಲೆಮ್‌ನ ಅಂಗೈಯಲ್ಲಿಟ್ಟಳು. ಈ ವಿಷಯ ಬಲ್ಲವನು ಇವನೇ ಎಂದು ದಾರಿಯಲ್ಲಿ ಕೇಳಿದ್ದಳಲ್ಲ, ಮರ್ಯಾದೆಗೆ ಕೊಟ್ಟಳು. ಗ್ಲೆಂಡಾ ದೂರದಿಂದ ನೋಡಿ ಬೇಗ ಬೇಗ ಬರತೊಡಗಿದಳು. ಜಾರುವ ಕಲ್ಲುಗಳ ಮೇಲೆ ಅರವತ್ತೆಂಟರ ಕಾಲು ಎಷ್ಟು ಬೇಗ ಬಂದೀತು?

ಕ್ಲೆಮ್ ಕಲ್ಲನ್ನು ಕಣ್ಣಿನ ಹತ್ತಿರ ಹಿಡಿದ. ಅವನ ಬೆನ್ನು ನೆಟ್ಟಗಾಯಿತು. "ಇದು ಇಲ್ಲಿಯದಲ್ಲ. ಇದು ಸೀಟೌನಿನದು. ಇಲ್ಲಿನ ಕಲ್ಲಿಗೆ ಈ ಹಸಿರಿಲ್ಲ." ಹೆಬ್ಬೆರಳಿನಿಂದ ಜೇಡಿ ಒರೆಸಿ ತಿರುಗಿಸಿದ. ತಳದಲ್ಲಿ ಗೀರಿತ್ತು. ಅದನ್ನು ಬಹಳ ಹೊತ್ತು ನೋಡಿದ.

"ಎಂಬತ್ತೇಳು," ಎಂದ. "ಇದು ನನ್ನ ಕೈ ಬರಹ."

ಗ್ಲೆಂಡಾ ಬಂದು ಎದುರು ನಿಂತಿದ್ದಳು. ಅವನು ತಲೆಯೆತ್ತಿದ. ಒಂದು ವರ್ಷದಿಂದ ಮಂಜು ಕವಿದ ಗಾಜಿನಂತಿದ್ದ ಕಣ್ಣು ಈಗ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು.

"ಗ್ಲೆಂಡಾ," ಎಂದ.

ಹನ್ನೊಂದು ತಿಂಗಳಿಂದ ಅವನ ಬಾಯಲ್ಲಿ ಅವಳ ಹೆಸರು ಬಂದಿರಲಿಲ್ಲ.

"ಗ್ಲೆಂಡಾ, ಇದನ್ನ ಇಲ್ಲಿಟ್ಟೋರು ಯಾರು?"

ನನಗೆ ಗೊತ್ತಿಲ್ಲ ಎಂದುಬಿಡಬಹುದಿತ್ತು. ಹತ್ತು ನಿಮಿಷದಲ್ಲಿ ಮರೆಯುವವನಿಗೆ ಯಾವ ಉತ್ತರ ಕೊಟ್ಟರೇನು? ಆದರೆ ಎದುರು ನಿಂತಿದ್ದವನು ಮರೆಯುವ ಕ್ಲೆಮ್ ಆಗಿರಲಿಲ್ಲ, ಅವಳು ಮದುವೆಯಾದ ಕ್ಲೆಮ್ ಆಗಿದ್ದ. ಇಷ್ಟು ದಿನದ ಮೇಲೆ ಬಂದವನನ್ನು ಸುಳ್ಳು ಹೇಳಿ ಹೇಗೆ ಕಳಿಸುವುದು?

"ನಾನು, ಕ್ಲೆಮ್."

"ಇವತ್ತು ಮಾತ್ರನಾ?"

"ಇಲ್ಲ. ಮೊದಲಿಂದಲೂ."

"ನಾನು ಕರ್ಕೊಂಡು ಬಂದಾಗಲೂ?"

"ಆಗಲೂ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ತನ್ನ ಹಿಂದಿನ ಮೂವತ್ತು ವರ್ಷಗಳನ್ನು ಹುಡುಕುವವನಂತೆ ತೀರದ ಉದ್ದಕ್ಕೂ ಕಣ್ಣು ಹಾಯಿಸಿದ. "ಅಂದ್ರೆ ಅವರಿಗೆ ಸಿಕ್ಕಿದ್ದು ಯಾವುದೂ ಸಿಕ್ಕಿದ್ದಲ್ಲ" ಎಂದ. ಕಲ್ಲನ್ನು ಜೇಬಿಗೆ ಹಾಕಿಕೊಂಡ.

ವರ್ನಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಗ್ಲೆಂಡಾ ಅವಳ ಕಡೆ ತಿರುಗಿ, "ಕ್ಷಮಿಸಿ, ನಿಮ್ಮ ದಿನ ಹಾಳು ಮಾಡಿದೆ" ಎಂದಳು.

"ನನ್ನ ದಿನ ಹಾಗಿರಲಿ ತಾಯಿ. ಮೊದಲು ಅವರನ್ನ ನೋಡಿ."

ಗ್ಲೆಂಡಾ ಅವನನ್ನು ಹತ್ತಿರದ ಚಪ್ಪಟೆ ಬಂಡೆಯ ಮೇಲೆ ಕೂರಿಸಲು ಕೈ ಚಾಚಿದಳು. ಕ್ಲೆಮ್ ತನ್ನ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಅವಳು ಕಾದಳು. ಮರೆವು ಬರಲಿ ಎಂದು ಕಾದಳು. ಅದೇ ಮರೆವಿಗೆ ಎಷ್ಟು ರಾತ್ರಿ ಅತ್ತಿದ್ದಳೋ, ಇಂದು ಅದಕ್ಕೇ ದೇವರಲ್ಲಿ ಮೊರೆಯಿಟ್ಟಳು. ತಾನೇ ಹೋಗಿ ಕುಳಿತವನಿಗೆ ಚಹಾ ಬಗ್ಗಿಸಿ ಕೊಟ್ಟಳು, ಅವನು ಮುಟ್ಟಲಿಲ್ಲ. ಸೇಬಿನ ಕೇಕು ಬಿಚ್ಚಿ ಪಕ್ಕದಲ್ಲಿಟ್ಟಳು. ಅರ್ಧ ಗಂಟೆಯಲ್ಲಿ ಕಣ್ಣಿನ ತಿಳಿ ಮೆಲ್ಲಗೆ ಕಲಕಿತು. ಊರು ಹೋಯಿತು, ವರ್ಷ ಹೋಯಿತು, ಅವಳ ಹೆಸರೂ ಮತ್ತೆ ಹೋಯಿತು. ಜೇಬಿನಲ್ಲಿ ಕಲ್ಲು ಯಾಕಿದೆ ಎಂಬುದೂ ಹೋಯಿತು. ಆದರೆ ಅವಳು ಹತ್ತಿರ ಬಂದರೆ ಮೈ ಹಿಂದೆ ಸರಿಯುವುದು ಮಾತ್ರ ಹೋಗಲಿಲ್ಲ.

"ಈ ಹೆಂಗಸಿನ ಜೊತೆ ನಾನು ಬರಲ್ಲ" ಎಂದು ಕಾರ್ಲ್‌ಟನ್‌ಗೆ ಹೇಳಿದ.

"ಯಾಕಪ್ಪಾ? ಏನು ಮಾಡಿದ್ರು?"

"ಗೊತ್ತಿಲ್ಲ. ಒಳ್ಳೆಯವಳಲ್ಲ."

ನೀರು ಮತ್ತೆ ಏರತೊಡಗಿತ್ತು. ಅಲ್ಲಿ ಕೂತಿರುವಂತಿರಲಿಲ್ಲ. ಕಾರ್ಲ್‌ಟನ್ ಗ್ಲೆಂಡಾಳ ಮುಖ ನೋಡಿದ, ಆಮೇಲೆ ಬಗ್ಗಿ ಕೈ ನೀಡಿದ. "ಹಾಗಾದ್ರೆ ನನ್ನ ಬಸ್ಸಿಗೆ ಬರ್ತೀಯಾ ಯಜಮಾನ? ಕಡೇ ಟ್ರಿಪ್ಪು. ಸೀಟು ಇದೆ."

ಕ್ಲೆಮ್ ಆ ದೊಡ್ಡ ಕೈಯನ್ನು ನೋಡಿದ. ಅವನು ಕೈ ಹಿಡಿದ. ಕಲ್ಲುಗಳ ನಡುವೆ ಮಗುವಿನಂತೆ ಹೆಜ್ಜೆಯಿಡುತ್ತ ಒಂದು ಸಲವೂ ಹಿಂದೆ ನೋಡದೆ ಹೋದ.

ವ್ಯಾನಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ವರ್ನಾ ಕುಳಿತಳು. ಗಂಡಸರಿಬ್ಬರೂ ಹಿಂದೆ. ಕನ್ನಡಿಯಲ್ಲಿ ಗ್ಲೆಂಡಾಳಿಗೆ ಕಾಣುತ್ತಿತ್ತು: ಕ್ಲೆಮ್‌ನ ಕೈ ಇನ್ನೂ ಆ ಅಪರಿಚಿತನ ಕೈಯಲ್ಲೇ ಇತ್ತು. ಮುಖ ಶಾಂತವಾಗಿತ್ತು.

"ನನ್ನ ಅಮ್ಮನೂ ಹೀಗೇ ಆಗಿದ್ಲು" ಎಂದು ವರ್ನಾ ಮೆಲ್ಲಗೆ ಹೇಳಿದಳು. "ಕೊನೆಗೆ ನಾನಂದ್ರೆ ಆಗ್ತಿರಲಿಲ್ಲ. ಪಕ್ಕದ ಮನೆಯವಳು ಊಟ ಕೊಟ್ರೆ ತಿಂತಿದ್ಲು."

"ನೀವೇನು ಮಾಡಿದ್ರಿ?"

"ಅಡಿಗೆ ಮಾಡಿ ಪಕ್ಕದ ಮನೆಗೆ ಕೊಡ್ತಿದ್ದೆ."

ಲೈಮ್ ಬಂದರಿನಲ್ಲಿ ಕಾರ್ಲ್‌ಟನ್ ಕ್ಲೆಮ್‌ನನ್ನು ಇಳಿಸಿಕೊಂಡು ಚಿಪ್ಸ್ ಕೊಡಿಸಲು ಹೋದ. ಗಂಟೆ ನಾಲ್ಕೂ ಮುಕ್ಕಾಲು. ಗ್ಲೆಂಡಾ ವ್ಯಾನಿನಲ್ಲೇ ಕುಳಿತು ಫೋನ್ ಹಚ್ಚಿದಳು.

"ಮಿಸೆಸ್ ಟ್ರಾಸ್ಕ್, ಆ ಕೋಣೆ ನಮಗಿರಲಿ."

"ನಿಮ್ಮ ಬಿಟ್ಟು ಯಾರ ಜೊತೆಗೂ ಹೋಗಲ್ಲ ಅಂತಿದ್ರಲ್ಲ?"

"ಹೋಗ್ತಾನೆ. ಈಗ ಯಾರ ಜೊತೆಗಾದ್ರೂ ಹೋಗ್ತಾನೆ."

"ಸೋಮವಾರ ಒಬ್ಬಳನ್ನ ಕಳಿಸ್ತೀನಿ" ಎಂದು ಮಿಸೆಸ್ ಟ್ರಾಸ್ಕ್ ಹೇಳಿದಳು.

ನಡುವಿನ ಮೂರು ದಿನ ಅವಳು ಮಾಡಿದ ಅಡಿಗೆಯನ್ನು ಎದುರುಮನೆಯ ಮುದುಕಿ ಬಡಿಸಿದಳು. ಭಾನುವಾರ ಗ್ಲೆಂಡಾ ಪ್ರಾರ್ಥನೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತಳು. ಮನ್ನಿಸು ಎಂದು ಕೇಳಲು ಹೋದವಳಿಗೆ, ಯಾವುದಕ್ಕೆ ಎಂದು ಗೊತ್ತಾಗಲಿಲ್ಲ. ಕಲ್ಲು ಇಟ್ಟದ್ದಕ್ಕೋ, ನಿಜ ಹೇಳಿದ್ದಕ್ಕೋ. ಸುಮ್ಮನೆ ಕೈ ಮುಗಿದು ಕುಳಿತು ಎದ್ದು ಬಂದಳು.

ಸೋಮವಾರ ಹತ್ತಕ್ಕೆ ನೀಲಿ ಅಂಗಿಯ ಒಬ್ಬ ಯುವತಿ ಕಾರಿನಲ್ಲಿ ಬಂದಳು. ಗ್ಲೆಂಡಾ ಅವನ ಚೀಲವನ್ನು ಮೊದಲೇ ಬಾಗಿಲಲ್ಲಿಟ್ಟು, ತಾನು ಕಂಡರೆ ಅವನು ಹಿಂಜರಿದಾನೆಂದು ಅಡಿಗೆಮನೆಯ ಕಿಟಕಿಯ ಪರದೆಯ ಹಿಂದೆ ನಿಂತಳು. ಕಿಟಕಿ ತೆರೆದಿತ್ತು. ಮಾತು ಕೇಳುತ್ತಿತ್ತು.

"ಬರ್ತೀರಾ ಕ್ಲೆಮ್? ನಾನು ಷೀನಾ. ಕಡಲು ಕಾಣೋ ಕೋಣೆ ನಿಮ್ಮದು."

ಕ್ಲೆಮ್ ಮೆಟ್ಟಿಲ ಮೇಲೆ ನಿಂತು ಹಿಂದೆ ಮುಂದೆ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ.

"ಆ ಹೆಂಗಸು ಬರಲ್ಲ ತಾನೇ?"

"ಇಲ್ಲ" ಎಂದಳು ಷೀನಾ. "ನಾವಿಬ್ಬರೇ."

ಅವನು ಸಮಾಧಾನದಿಂದ ತಲೆಯಾಡಿಸಿ, ಅವಳ ಕೈ ಹಿಡಿದು ಮೆಟ್ಟಿಲಿಳಿದ. ಕಾರಿನಲ್ಲಿ ಕುಳಿತು ಬೆಲ್ಟನ್ನು ತಾನೇ ಎಳೆದು ಹಾಕಿಕೊಂಡ. ಅದನ್ನು ಅವನು ಸ್ವತಃ ಹಾಕಿಕೊಳ್ಳಬಲ್ಲನೆಂದು ಗ್ಲೆಂಡಾಳಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ದಿನಾ ಅವಳೇ ಹಾಕುತ್ತಿದ್ದಳು.