ಕಾಳವ್ವ ಪರದೆಗೆ ಕೊಂಡಿ ಹಾಕಿದ್ದು

ಇಳಕಲ್ಲಿನ ಸೀರೆಗೆ ಮೈ ಬೇರೆ, ಸೆರಗು ಬೇರೆ. ಮೈಯ ಹತ್ತಿಯ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿದ ಮೇಲೆಯೇ ನೇಯ್ಗೆ. ಆ ಕೊಂಡಿಯ ಕೆಲಸದಲ್ಲಿ ಕಾಳವ್ವನನ್ನು ಮೀರಿಸುವವರು ಅವಳ ಓಣಿಯಲ್ಲಿ ಯಾರೂ ಇರಲಿಲ್ಲ. ಮರೋಳದಿಂದ ಸೊಸೆಯಾಗಿ ಬಂದ ವರ್ಷವೇ ಅತ್ತೆ ಹುಚ್ಚವ್ವ ಅವಳನ್ನು ಎದುರಿಗೆ ಕೂಡ್ರಿಸಿಕೊಂಡು ಕಲಿಸಿದ್ದಳು. ಈಗ ಐವತ್ತೆಂಟು ವಯಸ್ಸು. ಯಾರ ಮನೆಯಲ್ಲಿ ಮಗ್ಗಕ್ಕೆ ಹೊಸ ಹಾಸು ಹೂಡಿದರೂ ಮೊದಲು ಕಾಳವ್ವನಿಗೆ ಕರೆ ಬರುತ್ತಿತ್ತು.

ಬಾಗಲಕೋಟೆಯ ವರದಾ ಅವಳನ್ನು ಹುಡುಕಿಕೊಂಡು ಬಂದದ್ದೂ ಈ ಹೆಸರು ಕೇಳಿಯೇ. ಬಾದಾಮಿಯಲ್ಲಿ ಪ್ರವಾಸಿಗರಿಗಾಗಿ ಒಂದು ಕೋಣೆ ಸಿದ್ಧವಾಗುತ್ತಿತ್ತು. ಗೋಡೆಯಗಲದ ಗಾಜಿನ ಪರದೆ; ಬಂದವರು ಅದನ್ನು ಬೆರಳಿನಿಂದ ಮುಟ್ಟಿ ತಾವೇ ಸೀರೆ ನೇಯ್ದು ನೋಡಬೇಕು. ಎಲ್ಲಿ ಮುಟ್ಟಿದರೆ ಏನು ಕಾಣಬೇಕು ಎಂಬುದನ್ನು ರೂಪಿಸುವುದು ವರದಾಳ ಕೆಲಸ. ಒಂದು ವಾರ ಅವಳು ಕಾಳವ್ವನ ಮನೆಯಲ್ಲಿಯೇ ಕುಳಿತು, ಕ್ಯಾಮೆರಾ ಹಿಡಿದು ಆ ಕೈಗಳ ಪ್ರತಿಯೊಂದು ಚಲನೆಯನ್ನೂ ಚಿತ್ರಿಸಿಕೊಂಡಳು. ಬಾದಾಮಿಯಲ್ಲಿ ತನ್ನ ಕೊಂಡಿ ಇಡುತ್ತಾರೆಂದು ಕಾಳವ್ವ ಓಣಿಯ ತುಂಬ ಹೇಳಿಕೊಂಡು ಬಂದಳು.

ಪರದೆ ಸಿದ್ಧವಾಯಿತು, ಬಂದು ನೋಡಬೇಕೆಂದು ಒಂದು ಶುಕ್ರವಾರ ಫೋನು ಬಂತು. ಕಾಳವ್ವ ಮರುದಿನ ಬೆಳಿಗ್ಗೆಯೇ ಹೊಸ ಸೀರೆ ಉಟ್ಟು ನಿಂತಳು.

“ಸಿನಿಮಾದಾಕಿ ಹೊಂಟಂಗ ಹೊಂಟಿಯಲ್ಲ. ಊಟಕ್ಕರೆ ಬರ್ತೀಯೋ ಇಲ್ಲೋ?” ಎಂದು ಗಂಡ ಯಮನೂರಪ್ಪ ಕೆಣಕಿದ.

“ರೊಟ್ಟಿ ಬುಟ್ಟ್ಯಾಗ ಅದಾವ, ಶೇಂಗಾ ಹಿಂಡಿ ಡಬ್ಬ್ಯಾಗ ಐತಿ. ಒಂದಿನ ನಿನ್ನ ಕೈಲೆ ನೀ ಹಚ್ಕೊಂಡು ತಿನ್ನು,” ಎಂದವಳೇ ಬಸ್ಸು ಹಿಡಿದಳು. ಹುನಗುಂದ ದಾಟುವವರೆಗೂ ಅವಳಿಗೆ ಕುಳಿತಲ್ಲಿ ಕೂಡ್ರಲಾಗಲಿಲ್ಲ.

ಬಾದಾಮಿಯ ಆ ಕೋಣೆಯಲ್ಲಿ, ಪರದೆಯ ಮೇಲೆ ಸೀರೆ ನಿಜಕ್ಕೂ ಜಗಜಗ ಹೊಳೆಯುತ್ತಿತ್ತು. “ಒತ್ತರಿ ಕಾಕು,” ಎಂದಳು ವರದಾ. ಕಾಳವ್ವ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ನಲವತ್ತು ವರ್ಷ ಎಳೆ ಹೊಸೆದು ಒಣಗಿ ಗಟ್ಟಿಯಾದ ಆ ಬೆರಳ ತುದಿಯನ್ನು ಗಾಜು ಗುರುತಿಸಲೇ ಇಲ್ಲ. ವರದಾ ಪೆಚ್ಚಾಗಿ ತಾನೇ ಒತ್ತಿ ತೋರಿಸಿದಳು. ಮೈ ಬಂತು, ಅಂಚು ಬಂತು, ಫಕ್ಕನೆ ಸೆರಗು ತಾನಾಗಿಯೇ ಬಂದು ಅಂಟಿಕೊಂಡಿತು.

“ಕೊಂಡಿ ಎಲ್ಲೈತಿ ತಂಗಿ?”

ವರದಾ ತಲೆ ತಗ್ಗಿಸಿದಳು. “ಇಟ್ಟಿದ್ದೆ ಕಾಕು. ಅರವತ್ತು ಎಳಿ ಇಟ್ಟಿದ್ದೆ. ನಾಕು ಎಳಿ ಆಗೋದ್ರಾಗ, ಒತ್ತಿ ನೋಡ್ಲಿಕ್ಕೆ ಕರೆದ ಮಂದಿ ಎಲ್ಲಾರೂ ಬ್ಯಾಸರಾಗಿ ಎದ್ದು ಹೋದ್ರು. ಸೋಮವಾರ ದೊಡ್ಡ ಸಾಹೇಬ್ರು ನೋಡ್ಲಿಕ್ಕೆ ಬರ್ತಾರ. ಅವರು ಒಪ್ಪಿದ್ದೇ ಖಾಯಂ. ಅದಕ್ಕ ತೆಗೆದುಬಿಟ್ಟೆ.”

ಕಾಳವ್ವನ ಇಡೀ ಬದುಕು ಆ ‘ಫಕ್ಕನೆ’ ಎಂಬಲ್ಲಿ ಮುಗಿದುಹೋಗಿತ್ತು. ಸೋಮವಾರ ಹೀಗೆಯೇ ಒಪ್ಪಿಗೆಯಾದರೆ, ಸೆರಗು ತಾನಾಗಿಯೇ ಬರುತ್ತದೆಂದೇ ಊರೂರಿನ ಜನ ತಿಳಿದು ಹೋಗುತ್ತಾರೆ. ಅವಳು ಪಕ್ಕದ ಗೋಡೆಯ ಮೇಲೆ ಓಡುತ್ತಿದ್ದ, ವರದಾ ಅಂದು ಹಿಡಿದ ತನ್ನದೇ ಕೈಗಳ ಚಿತ್ರವನ್ನು ದಿಟ್ಟಿಸಿ ನೋಡಿದಳು.

“ಇದರಾಗ ಶೀಲಾ ಎಲ್ಲಿ?”

“ಯಾವ ಶೀಲಾ?”

“ನಮ್ಮ ಓಣಿಯಾಕಿ, ನನ್ನ ಎದುರಿಗೆ ಕುಂತಾಕಿ. ನೀನs ಅಲ್ಲ, ‘ಚಿತ್ರಕ್ಕ ಅಡ್ಡ ಬರ್ತೀರಿ, ಸ್ವಲ್ಪ ಸರೀರಿ’ ಅಂತ ಆಕಿಗೆ ಅಂದಾಕಿ? ಆಕಿ ಎಳಿ ಕೊಟ್ರ ನಾ ಕೊಂಡಿ ಹಾಕ್ತೇನಿ. ಒಬ್ಬರs ಕುಂತ್ರ ನನಗೂ ಬ್ಯಾಸರಾಗ್ತದವಾ. ಎದುರಿಗೆ ಒಬ್ಬರು ಇದ್ರ ಅತ್ತಿ ಸುದ್ದಿ, ಸೊಸಿ ಸುದ್ದಿ ಮಾತಾಡಕೋಂತ ಸಾವಿರ ಎಳಿ ಹೆಂಗ ಮುಗೀತು ಅನ್ನೂದs ಗೊತ್ತಾಗೂದಿಲ್ಲ.”

ವರದಾ ಓಡಿಹೋಗಿ, ಸಾಮಾನು ಬಂದಿದ್ದ ಪೆಟ್ಟಿಗೆಗಳಿಗೆ ಕಟ್ಟಿದ್ದ ಹುರಿಯನ್ನೆಲ್ಲ ಬಿಚ್ಚಿ ತಂದಳು. ಇಬ್ಬರೂ ನೆಲದ ಮೇಲೆ ಎದುರುಬದುರು ಕುಳಿತು ಹುರಿಗೆ ಹುರಿ ಕೊಂಡಿ ಹಾಕಿ ನೋಡಿದರು.

ಆ ಎರಡು ದಿನಗಳ ಸಡಗರ ಮದುವೆ ಮನೆಯನ್ನೂ ಮೀರಿಸಿತು. ಕಾಳವ್ವ ಊರಿಗೆ ಮರಳಲೇ ಇಲ್ಲ. ವರದಾ ಇಳಿದುಕೊಂಡಿದ್ದ ಕೋಣೆಯಲ್ಲಿಯೇ ಉಳಿದಳು. ಪರದೆಯ ಮುಂದೆ ಒಂದು ಮಣೆ ಬಂತು. ಅದರ ಒಂದು ಬದಿಗೆ ಎಂಟು ಕೆಂಪು ಹಗ್ಗ, ಇನ್ನೊಂದು ಬದಿಗೆ ಎಂಟು ಬಿಳಿ ಹಗ್ಗ. ಪ್ರತಿ ಹಗ್ಗದ ಬುಡದಲ್ಲಿ ಎಳೆತವನ್ನು ಅರಿಯುವ ಸಣ್ಣದೊಂದು ಯಂತ್ರ. ಈಚೆಯವರು ಹಗ್ಗದ ತುದಿ ಕೊಡಬೇಕು, ಆಚೆಯವರು ಕೊಂಡಿ ಹಾಕಬೇಕು, ಇಬ್ಬರೂ ಸಮನಾಗಿ ಎಳೆಯಬೇಕು. ಎಳೆದರೆ ಪರದೆಯ ಮೇಲೆ ಸೆರಗು ಒಂದು ಗೇಣು ಬೆಳೆಯುತ್ತದೆ. “ಭಾಳ ಬಿಗಿ ಆತು ತಂಗಿ, ರೇಷ್ಮಿ ಇಷ್ಟು ತಡಿಯೂದಿಲ್ಲ,” ಎಂದು ಕಾಳವ್ವ ಹೇಳಿದಂತೆಲ್ಲ ವರದಾ ಕಂಪ್ಯೂಟರಿನಲ್ಲಿ ಅದನ್ನು ತಿದ್ದುತ್ತ ಹೋದಳು. ಮೊದಲ ಕೆಂಪು ಗೆರೆ ಗೋಡೆಯ ಮೇಲೆ ಮೂಡಿದಾಗ ಇಬ್ಬರೂ ಹುಡುಗಿಯರಂತೆ ಕೈ ಕೈ ಹಿಡಿದು ನಕ್ಕರು.

ಸೋಮವಾರ ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಲೇ ಒಳಗೆ ಬಂದರು. ಎದುರಿಗೆ ಕೂಡ್ರಲು ಒಬ್ಬರು ಬೇಕೆಂದಾಗ ಬಾಗಿಲಲ್ಲಿದ್ದವನು ಅವರ ಡ್ರೈವರ್ ಖಲೀಲ ಒಬ್ಬನೇ. ಅವನು ಹಿಂಜರಿಯುತ್ತ ಬಂದು ಕುಳಿತ. ಸಾಹೇಬರು ಹಗ್ಗವನ್ನು ಜಗ್ಗಿದರು. ಪರದೆಯ ಮೇಲಿನ ಎಳೆ ಪಟ್ಟನೆ ಹರಿಯಿತು. ವರದಾಳ ಮುಖ ಬಿಳಚಿಕೊಂಡಿತು.

“ಸಾವಕಾಶ ಸಾಹೇಬ್ರ,” ಎಂದಳು ಕಾಳವ್ವ. “ಎತ್ತಿನ ಹಗ್ಗ ಅಲ್ಲ ಅದು. ಅವರ ಮಾರಿ ನೋಡಕೋಂತ ಎಳೀರಿ, ಕೈಗೆ ತಾನs ತಿಳೀತೈತಿ.”

ಸಾಹೇಬರು ಖಲೀಲನ ಮುಖ ನೋಡಿದರು. ಖಲೀಲ ಅವರ ಮುಖ ನೋಡಿದ. ಹರಿದ ಎಳೆ ಈ ಸಲ ಕೂಡಿತು. ಎರಡನೆಯದು ಕೂಡಿತು. ಮೂರನೆಯದೂ ಕೂಡಿತು. ಐದನೆಯದಕ್ಕೆ ಬರುವಷ್ಟರಲ್ಲಿ, “ನಿಮ್ಮ ಕಡಿ ಸಡ್ಲ ಆತ್ರಿ ಸರ, ಜರಾ ಎಳೀರಿ,” ಎಂದು ಖಲೀಲನೇ ಹೇಳತೊಡಗಿದ್ದ. ಸಾಹೇಬರು ಅಂಗಿಯ ತೋಳು ಮಡಚಿ ಮುಂದಕ್ಕೆ ಸರಿದು ಕುಳಿತಿದ್ದರು. ಎಂಟೂ ಮುಗಿದು ಸೆರಗು ಗೋಡೆಯ ತುಂಬ ಹರಡಿದಾಗ, ಅವರು ವರದಾಳತ್ತ ತಿರುಗಿ ಕೇಳಿದ್ದು ಒಂದೇ ಮಾತು:

“ಇಷ್ಟs ಏನು? ಇನ್ನಷ್ಟು ಎಳಿ ಹಾಕಲಿಕ್ಕೆ ಬರೂದಿಲ್ಲೇನು?”

ಈಗ ಅಲ್ಲಿ ಹದಿನಾರು ಎಳೆಗಳಿವೆ. ಸಾಲೆಯ ಮಕ್ಕಳು ಜೋಡಿ ಹಿಡಿದುಕೊಂಡು ಸಾಲುಗಟ್ಟಿ ನಿಲ್ಲುತ್ತಾರೆ. ಕಾಳವ್ವ ವಾರಕ್ಕೆರಡು ದಿನ ಬಾದಾಮಿಗೆ ಹೋಗುತ್ತಾಳೆ. ಒಂಟಿಯಾಗಿ ಬಂದ ಪ್ರವಾಸಿಗರ ಎದುರಿಗೆ, ಅವರು ಯಾವ ನಾಡಿನವರಾಗಿರಲಿ, ತಾನೇ ಮಣೆಯ ಇನ್ನೊಂದು ಬದಿಗೆ ಕೂಡ್ರುತ್ತಾಳೆ.